ಸೀಗಡಿ ಯಾಕೆ ಸಾಯ್ತಿದೆ? ಮನೆಯ ತೊಟ್ಟಿಯಲ್ಲೊಂದು ಪತ್ತೇದಾರಿ

ನೆದರ್‌ಲ್ಯಾಂಡ್ಸ್‌ನ ಬೆಸ್ಟ್‌ನಿಂದ ಮಾತಾಡ್ತಾ ಇದ್ದೀವಿ. ಹೌದು, ಊರಿನ ಹೆಸರೇ ಬೆಸ್ಟ್. ಐಂಧೋವನ್ ಪಕ್ಕದ ಊರು. ವೈದ್ಯಕೀಯ ಯಂತ್ರಗಳನ್ನು ಮಾಡುವ ಫಿಲಿಪ್ಸ್‌ನ ದೊಡ್ಡ ಆವರಣ ಇಲ್ಲಿದೆ. ಸುತ್ತಮುತ್ತಲಿನ ಕಂಪನಿಗಳಲ್ಲಿ ಕೆಲಸಕ್ಕೆ ಬಂದ ಕನ್ನಡದ ಮನೆಗಳೂ ಇವೆ. ಅಂಥ ಮನೆಗಳಲ್ಲಿ ಚಳಿಗಾಲದ ಉದ್ದನೆಯ ಸಂಜೆಗಳಿಗೆ ಜೊತೆ ಅಂತ ಮೀನಿನ ತೊಟ್ಟಿ ಇಡೋದು ಸಾಮಾನ್ಯ. ಮೀನಿನ ಜೊತೆಗೆ ಈಚೆಗೆ ಬೆರಳಿನ ಉಗುರಿನಷ್ಟು ಉದ್ದದ ಕೆಂಪು ಸೀಗಡಿಗಳೂ ಸೇರಿಕೊಂಡಿವೆ.

ಇವತ್ತಿನ ಪ್ರಶ್ನೆ ಆ ಸೀಗಡಿಗಳದ್ದೇ. ನೀರು ತಿಳಿಯಾಗಿದೆ. ಪರೀಕ್ಷಾ ಕಿಟ್‌ನಲ್ಲಿ ಎಲ್ಲವೂ ಸರಿಯಾಗಿದೆ. ಮೀನು ಆರಾಮಾಗಿ ಓಡಾಡ್ತಿದೆ. ಆದ್ರೂ ದಿನಕ್ಕೆ ಒಂದು, ಎರಡು ಸೀಗಡಿ ಸಾಯ್ತಾ ಇವೆ. ಯಾಕೆ? ಉತ್ತರ ಹುಡುಕೋದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ, ಒಂದು ಕ್ರಮ ಬೇಕು. ಆ ಕ್ರಮವನ್ನು ಹಂತಹಂತವಾಗಿ ನೋಡೋಣ.

ಮೊದಲು ಪ್ರಾಣಿಯ ಪರಿಚಯ. ಅಂಗಡಿಯಲ್ಲಿ 'ಚೆರ್ರಿ ಸೀಗಡಿ' ಅಂತ ಮಾರುವ ಇದರ ವೈಜ್ಞಾನಿಕ ಹೆಸರು ನಿಯೋಕ್ಯಾರಿಡಿನಾ ಡೇವಿಡಿ. ಮೂಲ ಪೂರ್ವ ಏಷ್ಯಾ. ಕಾಡಿನಲ್ಲಿ ಇದರ ಬಣ್ಣ ಮಣ್ಣಿನ ಹಾಗೆ ಮಂಕು. ಕೆಂಪು, ಹಳದಿ, ನೀಲಿ ಎಲ್ಲ ನಾವು ಆರಿಸಿ ಆರಿಸಿ ಬೆಳೆಸಿದ ತಳಿಗಳು. ಇದರ ಹತ್ತಿರದ ನೆಂಟ ಕ್ಯಾರಿಡಿನಾ ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇದೆ. ಸಮುದ್ರದ ಸೀಗಡಿಯ ಹಾಗೆ ಇದರ ಮರಿಗಳು ನೀರಲ್ಲಿ ತೇಲುತ್ತಾ ರೂಪ ಬದಲಿಸೋದಿಲ್ಲ. ತಾಯಿ ಮೂರು ವಾರದಷ್ಟು ಕಾಲ ಮೊಟ್ಟೆಗಳನ್ನು ಹೊಟ್ಟೆಯ ಕೆಳಗೆ ಹೊತ್ತು, ಈಜುಕಾಲುಗಳಿಂದ ಬೀಸಣಿಗೆ ಬೀಸಿದ ಹಾಗೆ ಗಾಳಿ ಹಾಕ್ತಾ ಇರ್ತಾಳೆ. ಕೊನೆಗೆ ಹೊರಬರೋದು ದೊಡ್ಡವರ ಅಚ್ಚು ಪ್ರತಿ, ಪುಟ್ಟ ಸೀಗಡಿ.

ಆಯುಷ್ಯ ಒಂದರಿಂದ ಎರಡು ವರ್ಷ. ಈ ಸಂಖ್ಯೆಯನ್ನು ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ, ಯಾಕಂದ್ರೆ ನಮ್ಮ ಮೊದಲ ಲೆಕ್ಕ ಇಲ್ಲಿಂದಲೇ ಶುರು. ತೊಟ್ಟಿಯಲ್ಲಿ ಎಲ್ಲ ವಯಸ್ಸಿನ 40 ಸೀಗಡಿ ಇವೆ, ಸರಾಸರಿ ಆಯುಷ್ಯ 18 ತಿಂಗಳು ಅಂತಿಟ್ಟುಕೊಳ್ಳಿ. 40ನ್ನು 18ರಿಂದ ಭಾಗಿಸಿದ್ರೆ ತಿಂಗಳಿಗೆ ಎರಡು ಚಿಲ್ಲರೆ. ಅಂದ್ರೆ ತಿಂಗಳಿಗೆ ಎರಡು ಸೀಗಡಿ ಸತ್ತರೆ ಅದು ಸಮಸ್ಯೆಯಲ್ಲ, ವಯಸ್ಸು. ವಾರಕ್ಕೆ ಐದು ಸತ್ತರೆ ಅದು ಸಮಸ್ಯೆ. ಹಾಗೇ, ತಳದಲ್ಲಿ ಬಿದ್ದದ್ದೆಲ್ಲ ಹೆಣವೂ ಅಲ್ಲ. ಸೀಗಡಿ ಬೆಳೆಯುವಾಗ ಹಳೆಯ ಕವಚ ಕಳಚಿ ಬಿಸಾಡುತ್ತೆ. ಗಾಜಿನ ಹಾಗೆ ಪಾರದರ್ಶಕವಾಗಿ, ಬೆನ್ನ ಬಳಿ ಸೀಳಿಕೊಂಡಿದ್ರೆ ಅದು ಖಾಲಿ ಅಂಗಿ. ಒಳಗೆ ಮಾಂಸ ತುಂಬಿ, ಮೈ ಮಬ್ಬಾಗಿ ಗುಲಾಬಿ ತಿರುಗಿದ್ರೆ ಅದು ಹೆಣ.

ಈಗ ನಿಜವಾಗಲೂ ಸಾವು ಹೆಚ್ಚಾಗಿದೆ ಅಂತಾಯ್ತು. ಮುಂದೇನು? ಬಹಳ ಜನ ಮಾಡೋದು ಒಂದೇ: ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ಫಿಲ್ಟರ್ ತೊಳೆದು, ಎರಡು ಮೂರು ಔಷಧ ಹಾಕಿ, ಊಟ ನಿಲ್ಲಿಸೋದು. ಎಲ್ಲ ಒಂದೇ ಸಂಜೆ. ಸಾವು ನಿಂತರೂ ಯಾವುದರಿಂದ ನಿಂತಿತು ಅಂತ ಗೊತ್ತಾಗಲ್ಲ. ನಿಲ್ಲದೇ ಹೋದ್ರೆ, ಯಾವುದು ಹೊಸ ತೊಂದರೆ ತಂತು ಅಂತಲೂ ಗೊತ್ತಾಗಲ್ಲ. ಔಷಧ ಕೈಗೆತ್ತಿಕೊಳ್ಳೋಕೆ ಮುಂಚೆ ಮೂರು ಪ್ರಶ್ನೆ ಕೇಳಿ: ಯಾರು ಸಾಯ್ತಿದ್ದಾರೆ? ಹೇಗೆ ಸಾಯ್ತಿದ್ದಾರೆ? ಯಾವಾಗಿಂದ?

ಮೊದಲ ಪ್ರಶ್ನೆ: ಯಾರು ಸಾಯ್ತಿದ್ದಾರೆ?

ತೊಟ್ಟಿಯಲ್ಲಿ ಮೀನು, ಸೀಗಡಿ, ಬಸವನಹುಳು ಮೂರೂ ಇದ್ರೆ ನಿಮ್ಮ ಹತ್ತಿರ ಮೂರು ಬೇರೆ ಬೇರೆ ಅಳತೆಗೋಲು ಇದೆ ಅಂತ ಅರ್ಥ. ಮೂವರ ದೇಹವೂ ಬೇರೆ, ಮೂವರ ದುರ್ಬಲ ಜಾಗವೂ ಬೇರೆ.

ಮೀನೂ ಸೀಗಡಿಯೂ ಒಟ್ಟಿಗೆ ಮೇಲಕ್ಕೆ ಬಂದು ಒದ್ದಾಡ್ತಿದ್ರೆ ಆಮ್ಲಜನಕ, ಅಮೋನಿಯಾ, ಕ್ಲೋರಿನ್ ಈ ಮೂರನ್ನು ಮೊದಲು ನೋಡಿ. ಬಿಸಿ ನೀರು ಕಡಿಮೆ ಆಮ್ಲಜನಕ ಹಿಡಿಯುತ್ತೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ಇಲ್ಲಿನ ಮನೆಗಳನ್ನು ಕಟ್ಟಿರೋದು ಚಳಿಗೆ, ಸೆಕೆಗಲ್ಲ. 2019ರ ಜುಲೈ 25ರಂದು ಇದೇ ಪ್ರಾಂತ್ಯದ ಖಿಲ್ಜೆ-ರೈಯನ್‌ನಲ್ಲಿ 40.7 ಡಿಗ್ರಿ ದಾಖಲಾಯ್ತು, ಅದು ಈ ದೇಶದ ದಾಖಲೆ. ಅಂಥ ದಿನ ತೊಟ್ಟಿಯ ನೀರು ಎಷ್ಟು ಕಾಯುತ್ತೆ ಅಂತ ಊಹಿಸಿಕೊಳ್ಳಿ.

ಅಮೋನಿಯಾದ ವಿಷಯಕ್ಕೆ ಬಂದ್ರೆ ಒಂದು ಸೂಕ್ಷ್ಮ ಇದೆ. ಕಿಟ್ ತೋರಿಸೋದು ಒಟ್ಟು ಅಮೋನಿಯಾ. ಅದರಲ್ಲಿ ಎರಡು ರೂಪ: ಅಮೋನಿಯಂ, ಇದು ಅಷ್ಟೇನೂ ಅಪಾಯಕಾರಿಯಲ್ಲ, ಮುಕ್ತ ಅಮೋನಿಯಾ, ಇದು ಕಿವಿರನ್ನು ದಾಟಿ ಒಳಗೆ ನುಗ್ಗುವ ವಿಷ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ರೆ ವಿಷರೂಪ ನೂರಕ್ಕೆ ಒಂದು ಭಾಗವೂ ಇರಲ್ಲ. ಪಿಎಚ್ 8 ಆದ್ರೆ ನೂರಕ್ಕೆ ಐದು ಭಾಗ. ಕಿಟ್‌ನ ಬಣ್ಣ ಅದೇ, ವಿಷ ಮಾತ್ರ ಹತ್ತಿರ ಹತ್ತು ಪಟ್ಟು. ಹಾಗಾಗಿ ಪಿಎಚ್ ಅಳೆಯದೆ ಅಮೋನಿಯಾದ ಸಂಖ್ಯೆಗೆ ಅರ್ಥವಿಲ್ಲ.

ಈ ಅಮೋನಿಯಾವನ್ನು ತಿನ್ನೋರು ಫಿಲ್ಟರಿನ ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತೆ ಅಂತ ನೂರಕ್ಕೂ ಹೆಚ್ಚು ವರ್ಷ ಪಾಠ ಮಾಡಿದ್ವಿ. ಎರಡೂ ಕೆಲಸವನ್ನು ಒಬ್ಬನೇ ಮಾಡುವ ಬ್ಯಾಕ್ಟೀರಿಯಾ ಇದೆ ಅಂತ ಗೊತ್ತಾಗಿದ್ದು 2015ರಲ್ಲಿ. ಎರಡು ತಂಡಗಳು ಒಟ್ಟಿಗೆ ಪ್ರಕಟಿಸಿದವು. ಅದರಲ್ಲೊಂದು ತಂಡ ಇಲ್ಲೇ, ನೈಮೇಖನ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ್ದು. ಅವರಿಗೆ ಆ ಜೀವಿ ಸಿಕ್ಕಿದ್ದು ಎಲ್ಲಿ ಗೊತ್ತಾ? ಮೀನು ಸಾಕಣೆಯ ಫಿಲ್ಟರಿನಲ್ಲಿ. ನಾವು ತಿಂಗಳಿಗೊಮ್ಮೆ ಹಿಂಡಿ ತೊಳೆಯೋ ಕೆಸರಿನ ಮರ್ಯಾದೆ ಅಷ್ಟಿದೆ. ಅದನ್ನು ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ತೊಳೆಯಬೇಡಿ, ತೊಟ್ಟಿಯಿಂದ ತೆಗೆದ ನೀರಲ್ಲೇ ಜಾಲಿಸಿ.

ಮುಂದಿನ ಸಾಧ್ಯತೆ: ಮೀನು ಚೆನ್ನಾಗಿದೆ, ಸೀಗಡಿ ಮತ್ತು ಬಸವನಹುಳು ಎರಡೂ ಸಾಯ್ತಿವೆ. ಆಗ ತಾಮ್ರವನ್ನು ಅನುಮಾನಿಸಿ. ವಿಚಿತ್ರ ಅಂದ್ರೆ ಸೀಗಡಿಯ ರಕ್ತದಲ್ಲೇ ತಾಮ್ರ ಇದೆ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರೋದು ಕಬ್ಬಿಣ. ಅದರ ರಕ್ತದಲ್ಲಿ ತಾಮ್ರ, ಆದ್ದರಿಂದಲೇ ಅದರ ರಕ್ತ ನೀಲಿ. ಆದ್ರೆ ಪ್ರೋಟೀನಿನೊಳಗೆ ಕಟ್ಟಿಟ್ಟ ತಾಮ್ರ ಬೇರೆ, ನೀರಲ್ಲಿ ಬಿಡಿಯಾಗಿ ಓಡಾಡುವ ತಾಮ್ರ ಬೇರೆ. ಬಿಡಿ ತಾಮ್ರ ಕಿವಿರಿಗೆ ಬಂದು, ದೇಹಕ್ಕೆ ಉಪ್ಪನ್ನು ಎಳೆದುಕೊಳ್ಳುವ ಪಂಪನ್ನೇ ಕೆಡಿಸುತ್ತೆ. ಯುರೋಪಿನಲ್ಲಿ ಕುಡಿಯುವ ನೀರಿಗೆ ತಾಮ್ರದ ಮಿತಿ ಲೀಟರಿಗೆ 2 ಮಿಲಿಗ್ರಾಂ. ಮನುಷ್ಯರಿಗೆ ಅದು ಸುರಕ್ಷಿತ. ಸೀಗಡಿಗೆ ಅದರ ಹತ್ತನೇ ಒಂದು ಭಾಗವೂ ಬಹಳ ಹೆಚ್ಚು. ಹೊಸದಾಗಿ ಹಾಕಿದ ತಾಮ್ರದ ಪೈಪು, ರಾತ್ರಿಯಿಡೀ ಪೈಪಿನಲ್ಲೇ ನಿಂತ ನೀರು, ಬಾಯ್ಲರಿನ ಬಿಸಿ ನೀರು, ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧ ಇವು ಸಾಮಾನ್ಯ ಮೂಲಗಳು. ಬೆಳಗಿನ ಮೊದಲ ನೀರನ್ನು ಎರಡು ನಿಮಿಷ ಹರಿಯಬಿಟ್ಟು, ತಣ್ಣೀರನ್ನೇ ಹಿಡಿಯಿರಿ.

ಮೂರನೆಯದು: ಮೀನೂ ಚೆನ್ನಾಗಿದೆ, ಬಸವನಹುಳುವೂ ಚೆನ್ನಾಗಿದೆ, ಸೀಗಡಿ ಮಾತ್ರ ಸಾಯ್ತಿದೆ. ಇದು ಬಹಳ ಮುಖ್ಯವಾದ ಸುಳಿವು. ಸೀಗಡಿಗೆ ಮಾತ್ರ ಇರುವ ತೊಂದರೆ ಯಾವುದು? ಒಂದು, ಕವಚ ಕಳಚುವಾಗಿನ ತೊಂದರೆ. ಎರಡು, ಸೀಗಡಿಗೇ ಅಂಟುವ ರೋಗ. ಮೂರು, ಕೀಟನಾಶಕ.

ಕೀಟನಾಶಕ ಕೀಟಕ್ಕೆ ತಾನೇ, ಸೀಗಡಿಗೇನು ಅಂತ ಕೇಳಬಹುದು. ಜೀವವೃಕ್ಷದಲ್ಲಿ ಕೀಟಗಳು ಸೀಗಡಿ-ಏಡಿಗಳ ದೊಡ್ಡ ವಂಶದ ಒಳಗಿನಿಂದಲೇ ಒಡೆದ ಒಂದು ಕವಲು ಅಂತ ವಂಶವಾಹಿಗಳ ಅಧ್ಯಯನ ತೋರಿಸಿದೆ. ಜಿರಳೆಯೂ ಸೀಗಡಿಯೂ ನಾವಂದುಕೊಂಡದ್ದಕ್ಕಿಂತ ಹತ್ತಿರದ ದಾಯಾದಿಗಳು. ಜಿರಳೆಯ ನರಕ್ಕೆ ಹೊಡೆಯುವ ರಾಸಾಯನಿಕ ಸೀಗಡಿಯ ನರಕ್ಕೂ ಹೊಡೆಯುತ್ತೆ. ಇಮಿಡಾಕ್ಲೋಪ್ರಿಡ್, ಫಿಪ್ರೋನಿಲ್‌ನಂಥವು ಬೆನ್ನೆಲುಬಿರುವ ಪ್ರಾಣಿಗಳಿಗಿಂತ ಕೀಟದ ನರಗಳ ಮೇಲೆ ಬಹಳ ಜೋರಾಗಿ ಕೆಲಸ ಮಾಡುತ್ತವೆ. ಹಾಗಾಗಿ ಮೀನು ಆರಾಮಾಗಿದ್ದಾಗಲೂ ಸೀಗಡಿ ಉರುಳಬಹುದು. ಸೊಳ್ಳೆಬತ್ತಿ, ಸೊಳ್ಳೆ ಓಡಿಸುವ ದ್ರವಗಳಲ್ಲಿರುವ ಪೈರೆಥ್ರಾಯ್ಡ್‌ಗಳ ಕತೆ ಬೇರೆ, ಅವು ಮೀನಿಗೂ ಕೆಟ್ಟವು.

ಎರಡನೇ ಪ್ರಶ್ನೆ: ಹೇಗೆ ಸಾಯ್ತಿದ್ದಾರೆ?

ಹೆಣ ಎತ್ತಿ ಬಿಸಾಡುವ ಮುಂಚೆ ಒಂದು ಬಿಳಿ ತಟ್ಟೆಯ ಮೇಲಿಟ್ಟು ನೋಡಿ. ತಲೆಯ ಭಾಗ ಮತ್ತು ಬಾಲದ ಭಾಗ ಸೇರುವಲ್ಲಿ ಸುತ್ತಲೂ ಬಿಳಿ ಉಂಗುರ ಕಂಡ್ರೆ, ಕವಚ ಕಳಚುವ ಹೊತ್ತಲ್ಲಿ ಸಿಕ್ಕಿಹಾಕಿಕೊಂಡು ಸತ್ತಿದೆ. ಇದಕ್ಕೆ ಸಾಮಾನ್ಯ ಕಾರಣ ನೀರಿನ ಗಡಸುತನ ತೀರಾ ಕಡಿಮೆ ಇರೋದು, ಅಥವಾ ಒಮ್ಮೆಗೇ ಹೆಚ್ಚು ನೀರು ಬದಲಿಸಿದಾಗ ಆಗುವ ಏರುಪೇರು. ಈ ಜಾತಿಗೆ ಒಟ್ಟು ಗಡಸುತನ ಜರ್ಮನ್ ಡಿಗ್ರಿಯಲ್ಲಿ 6ರಿಂದ 12ರ ಒಳಗಿದ್ರೆ ಒಳ್ಳೇದು. ಒಂದು ಡಿಗ್ರಿ ಅಂದ್ರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್.

ಮೈಯೆಲ್ಲ ಹಾಲಿನ ಹಾಗೆ ಬೆಳ್ಳಗಾಗಿದ್ರೆ ಸ್ನಾಯುವಿನ ಸೋಂಕು. ಮೂಗಿನ ತುದಿಯಲ್ಲಿ ಬಿಳಿ ದಾರದಂತೆ ಆಡುತ್ತಿದ್ರೆ ಅಲ್ಲಿ ಅಂಟಿಕೊಂಡ ಪುಟ್ಟ ಹುಳು. ಹೊಟ್ಟೆಯ ಕೆಳಗೆ ಹಸಿರು ಹತ್ತಿಯಂತೆ ಬೆಳೆದಿದ್ರೆ ಪರಾವಲಂಬಿ. ಇಂಥದ್ದನ್ನು ಕಂಡ ತಕ್ಷಣ ಆ ಸೀಗಡಿಯನ್ನು ಬೇರೆ ಪಾತ್ರೆಗೆ ಹಾಕಿ.

ಮೈಯಲ್ಲಿ ಯಾವ ಗುರುತೂ ಇಲ್ಲ, ಆದ್ರೆ ಸಾಯುವ ಮುಂಚೆ ಮಗುಚಿ ಬಿದ್ದು ಕಾಲುಗಳನ್ನು ಸುಮ್ಮನೆ ಅದುರಿಸ್ತಾ, ಗಂಟೆಗಟ್ಟಲೆ ಹಾಗೇ ಇರುತ್ತೆ ಅಂದ್ರೆ, ಅದು ನರಕ್ಕೆ ತಗುಲಿದ ವಿಷದ ಲಕ್ಷಣ.

ಮೂರನೇ ಪ್ರಶ್ನೆ: ಯಾವಾಗಿಂದ?

ಇಲ್ಲಿ ಒಂದು ನಿಜವಾದ ಪುಸ್ತಕ ಬೇಕು. ನೆನಪಿನಿಂದ ಹೇಳೋದು ಸಾಲದು. ಬೆಸ್ಟ್‌ನದೇ ಒಂದು ಕನ್ನಡದ ಮನೆಯ ತೊಟ್ಟಿಯನ್ನು ಇದಕ್ಕೆ ಉದಾಹರಣೆಯಾಗಿ ತಗೊಳ್ತೀವಿ. 54 ಲೀಟರಿನ ತೊಟ್ಟಿ, 40 ಸೀಗಡಿ, ಎಂಟು ಸಣ್ಣ ಮೀನು, ಲೆಕ್ಕವಿಲ್ಲದಷ್ಟು ಬಸವನಹುಳು. ಆ ಮನೆಯ ಹತ್ತು ವರ್ಷದ ಹುಡುಗಿ ಶಾಲೆಗೆ ಹೋಗುವ ಮುಂಚೆ ದಿನಾ ಒಂದು ನೋಟ್‌ಬುಕ್ಕಿನಲ್ಲಿ ಬರೀತಿದ್ಳು: ತಾರೀಕು, ಎಷ್ಟು ಸತ್ತಿವೆ, ತೊಟ್ಟಿಗೆ ಏನು ಹಾಕಿದ್ವಿ. ಸಮಸ್ಯೆ ನಮ್ಮ ಬಳಿ ಬಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: ನಾನು ಜಾಸ್ತಿ ಊಟ ಹಾಕಿದ್ದಕ್ಕೆ ಸತ್ತುಹೋದ್ವಾ?

ಆ ಪ್ರಶ್ನೆಗೆ ಸಮಾಧಾನದ ಮಾತು ಸಾಲದು, ಪುರಾವೆ ಬೇಕಿತ್ತು. ನೋಟ್‌ಬುಕ್ಕಿನಲ್ಲಿ 19 ದಿನಕ್ಕೆ 17 ಸಾವು. ಊಟದ ಪ್ರಮಾಣ ಎರಡು ತಿಂಗಳಿಂದ ಅದೇ. ಅಮೋನಿಯಾ, ನೈಟ್ರೈಟ್ ಸೊನ್ನೆ. ಹೆಚ್ಚು ಊಟದಿಂದ ಸತ್ತಿದ್ರೆ ಇವು ಏರಬೇಕಿತ್ತು. ಮೀನು, ಬಸವನಹುಳು ಎಲ್ಲ ಚೆನ್ನಾಗಿವೆ. ಬಿಳಿ ಉಂಗುರ ಇಲ್ಲ. ಸತ್ತವು ಎಲ್ಲ ಗಾತ್ರದವು, ಮಗುಚಿ ಬಿದ್ದು ಕಾಲು ಅದುರಿಸಿ ಸತ್ತವು.

ಅದೇ ಪುಟಗಳಲ್ಲಿ ಇನ್ನೊಂದು ಸುಳಿವಿತ್ತು. ಹತ್ತನೇ ದಿನ ಅರ್ಧ ನೀರು ಬದಲಿಸಿದ್ರು. ಮುಂದಿನ ಎರಡು ದಿನ ಸಾವೇ ಇಲ್ಲ. ಮೂರನೇ ದಿನದಿಂದ ಮತ್ತೆ ಶುರು. ಇದನ್ನು ನಿಧಾನವಾಗಿ ಯೋಚಿಸಿ. ವಿಷ ನಲ್ಲಿಯಿಂದ ಬರ್ತಿದ್ರೆ ನೀರು ಬದಲಿಸಿದ ಮೇಲೆ ಸಾವು ಹೆಚ್ಚಬೇಕಿತ್ತು. ಕಡಿಮೆಯಾಗಿ ಮತ್ತೆ ಏರಿದೆ ಅಂದ್ರೆ ಮೂಲ ತೊಟ್ಟಿಯೊಳಗೇ ಕೂತು, ಸ್ವಲ್ಪಸ್ವಲ್ಪವೇ ಬಿಡ್ತಾ ಇದೆ.

ಸಾವು ಶುರುವಾಗುವ ಆಸುಪಾಸಿನಲ್ಲಿ ಆ ಮನೆಯಲ್ಲಿ ಬದಲಾದದ್ದು ಮೂರು. ಅಡುಗೆಮನೆಯ ಪೈಪು ರಿಪೇರಿ. ಪಕ್ಕದ ಮನೆಯ ಬೆಕ್ಕಿನ ಓಡಾಟ, ಅದಕ್ಕೆ ಚಿಗಟದ ಔಷಧ ಹಾಕಿದ್ರು. ಐದು ದಿನ ಮುಂಚೆ ತಂದ ಒಂದು ಕಟ್ಟು ಹೊಸ ನೀರುಗಿಡ.

ಬೆಕ್ಕಿನ ವಿಷಯ ತಾರೀಕಿನಲ್ಲೇ ಮುಗೀತು. ಔಷಧ ಹಾಕಿದ್ದು ಸಾವು ಶುರುವಾಗಿ ಒಂದು ವಾರದ ಮೇಲೆ. ಕಾರಣ ಪರಿಣಾಮದ ಹಿಂದೆ ಬರೋಕಾಗಲ್ಲ. ಹಾಗಂತ ಆ ಅನುಮಾನ ಹುಚ್ಚು ಅನುಮಾನ ಏನಲ್ಲ. ಇಂಗ್ಲೆಂಡಿನ 20 ನದಿಗಳ ನೀರಿನ ಮಾದರಿಗಳನ್ನು ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ನೋಡಿದಾಗ ನೂರಕ್ಕೆ 98ರಲ್ಲಿ ಫಿಪ್ರೋನಿಲ್ ಇತ್ತು, 66ರಲ್ಲಿ ಇಮಿಡಾಕ್ಲೋಪ್ರಿಡ್. ನಾಯಿ-ಬೆಕ್ಕುಗಳ ಚಿಗಟದ ಔಷಧವೇ ಪ್ರಮುಖ ಮೂಲ ಅಂತ ಅವರು ಶಂಕಿಸಿದ್ರು. 2017ರಲ್ಲಿ ಈ ದೇಶದಲ್ಲಿ ಲಕ್ಷಾಂತರ ಮೊಟ್ಟೆ ನಾಶ ಮಾಡಿದ ಪ್ರಕರಣ ನೆನಪಿದೆಯಾ? ಅಲ್ಲೂ ಇದ್ದದ್ದು ಫಿಪ್ರೋನಿಲ್ಲೇ. ಔಷಧ ಹಚ್ಚಿದ ಬೆಕ್ಕನ್ನು ಸವರಿದ ಕೈಯನ್ನು ತೊಟ್ಟಿಗೆ ಹಾಕಬೇಡಿ.

ಉಳಿದದ್ದು ಪೈಪು ಮತ್ತು ಗಿಡ. ಬಸವನಹುಳು ಬದುಕಿರೋದರಿಂದ ತಾಮ್ರದ ಅನುಮಾನ ಕಮ್ಮಿ, ಆದ್ರೆ ಕಮ್ಮಿ ಅಂದ್ರೆ ಸೊನ್ನೆ ಅಲ್ಲ. ಇಲ್ಲಿ ನಮ್ಮ ಕ್ಷೇತ್ರದ ಒಂದು ಹಳೆಯ ಉಪಾಯ ಕೆಲಸಕ್ಕೆ ಬರುತ್ತೆ.

ಜಾಡಿಗಳ ಪ್ರಯೋಗ

ಕಾರ್ಖಾನೆಯ ಕೊಳಚೆ ನೀರಲ್ಲಿ ಸಾವಿರ ರಾಸಾಯನಿಕ ಇರ್ತವೆ. ಯಾವುದು ವಿಷ ಅಂತ ಒಂದೊಂದನ್ನೇ ಅಳೆಯೋಕೆ ಆಗಲ್ಲ. ಅದಕ್ಕೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ ಉಲ್ಟಾ ದಾರಿ ಹಿಡಿದ್ರು. ವಿಷದ ಹೆಸರು ಹುಡುಕಬೇಡಿ. ನೀರಿನಿಂದ ಒಂದೊಂದು ಬಗೆಯ ವಸ್ತುವನ್ನು ತೆಗೆಯಿರಿ. ಯಾವುದನ್ನು ತೆಗೆದಾಗ ನೀರು ನಿರಪಾಯವಾಗುತ್ತೋ ವಿಷ ಆ ಬಗೆಯದ್ದು. ಲೋಹವನ್ನು ಕಟ್ಟಿಹಾಕುವ ವಸ್ತು ಹಾಕಿದಾಗ ಪ್ರಾಣಿ ಬದುಕಿದ್ರೆ ಲೋಹ. ಸಾವಯವ ವಸ್ತುಗಳನ್ನು ಹೀರುವ ಪದಾರ್ಥ ಹಾಕಿದಾಗ ಬದುಕಿದ್ರೆ ಸಾವಯವ ವಿಷ, ಅಂದ್ರೆ ಹೆಚ್ಚಾಗಿ ಕೀಟನಾಶಕದಂಥದ್ದು.

ಇದನ್ನೇ ಅಡುಗೆಮನೆಗೆ ಇಳಿಸಿದ್ವಿ. ನಾಲ್ಕು ಬಗೆಯ ನೀರು. ಒಂದು, ಬರೀ ನಲ್ಲಿ ನೀರು. ಎರಡು, ತೊಟ್ಟಿಯ ನೀರು. ಮೂರು, ತೊಟ್ಟಿಯ ನೀರಿಗೆ ಸಕ್ರಿಯ ಇಂಗಾಲ ಹಾಕಿ ಒಂದು ದಿನ ಕಲಕಿ ಸೋಸಿದ್ದು. ನಾಲ್ಕು, ತೊಟ್ಟಿಯ ನೀರಿಗೆ ಲೋಹ ಕಟ್ಟಿಹಾಕುವ ಅಕ್ವೇರಿಯಂ ದ್ರವ ಹಾಕಿದ್ದು. ಪ್ರತಿಯೊಂದಕ್ಕೆ ಎರಡೆರಡು ಜಾಡಿ, ಪ್ರತಿ ಜಾಡಿಗೆ ಐದು ಗ್ಯಾಮರಸ್. ಇದು ಇಲ್ಲಿನ ಕಾಲುವೆಗಳಲ್ಲಿ ಎಲೆಗಳಡಿ ಧಾರಾಳವಾಗಿ ಸಿಗುವ, ಸೀಗಡಿಯ ದೂರದ ನೆಂಟ.

ಡಾಫ್ನಿಯಾ ಯಾಕೆ ಬಳಸಲಿಲ್ಲ ಅಂತ ಜೀವಶಾಸ್ತ್ರ ಓದಿದವರು ಕೇಳಬಹುದು. ನೀರಿನ ವಿಷ ಅಳೆಯೋಕೆ ಜಗತ್ತಿನಾದ್ಯಂತ ಬಳಸುವ ಪ್ರಾಣಿ ಅದು. 48 ಗಂಟೆ ಇಟ್ಟು ಎಷ್ಟು ಅಲುಗಾಡದೆ ನಿಂತವು ಅಂತ ಎಣಿಸ್ತಾರೆ. ಆದ್ರೆ ಡಾಫ್ನಿಯಾ ಮ್ಯಾಗ್ನಾಗೆ ಇಮಿಡಾಕ್ಲೋಪ್ರಿಡ್ ಅಷ್ಟಾಗಿ ನಾಟೋದಿಲ್ಲ. ಅರ್ಧದಷ್ಟು ನಿಶ್ಚಲವಾಗೋಕೆ ಲೀಟರಿಗೆ ಹತ್ತಾರು ಮಿಲಿಗ್ರಾಂ ಬೇಕು. ಕೆಲವು ನೀರುಕೀಟಗಳ ಮರಿಗಳಿಗೆ ಕೆಲವೇ ಮೈಕ್ರೋಗ್ರಾಂ ಸಾಕು, ಅಂದ್ರೆ ಸಾವಿರಾರು ಪಟ್ಟು ಕಡಿಮೆ. ಡಾಫ್ನಿಯಾ ಬದುಕಿದೆ, ನೀರು ಶುದ್ಧ ಅಂದುಕೊಂಡ್ರೆ ಮೋಸ ಹೋಗ್ತೀವಿ. ಪರೀಕ್ಷೆಗೆ ಆರಿಸುವ ಪ್ರಾಣಿಯೇ ಅರ್ಧ ಉತ್ತರ.

48 ಗಂಟೆ ಕಳೆದ ಮೇಲೆ ಹುಡುಗಿಯೇ ಎಣಿಸಿದ್ಳು. ನಲ್ಲಿ ನೀರಲ್ಲಿ ಹತ್ತಕ್ಕೆ ಹತ್ತೂ ಓಡಾಡ್ತಿದ್ವು. ತೊಟ್ಟಿಯ ನೀರಲ್ಲಿ ಏಳು ಬಿದ್ದಿದ್ವು. ಲೋಹ ಕಟ್ಟಿದ ನೀರಲ್ಲಿ ಆರು. ಇಂಗಾಲ ಹಾಕಿದ ನೀರಲ್ಲಿ ಒಂದೇ ಒಂದು. ಪೈಪು ನಿರ್ದೋಷಿ, ಲೋಹ ನಿರ್ದೋಷಿ. ಇಂಗಾಲ ಹೀರಿಕೊಳ್ಳುವಂಥ ಏನೋ ಒಂದು ಆ ನೀರಲ್ಲಿದೆ.

ಕೊನೆಯ ಹೆಜ್ಜೆ ಗಿಡದ್ದು. ಅದೃಷ್ಟಕ್ಕೆ ಅದೇ ಕಟ್ಟಿನ ಎರಡು ಕಡ್ಡಿಗಳು ಕಿಟಕಿಯ ಬಳಿ ಬೇರೆ ಬಾಟಲಿಯಲ್ಲಿ ಉಳಿದಿದ್ವು. ತೊಟ್ಟಿಯ ನೀರು ಸೋಕದ ಕಡ್ಡಿಗಳು, ಇದು ಮುಖ್ಯ. ತೊಟ್ಟಿಯಿಂದ ತೆಗೆದ ಗಿಡವನ್ನೇ ಪರೀಕ್ಷಿಸಿದ್ರೆ, ವಿಷವನ್ನು ಗಿಡ ತೊಟ್ಟಿಗೆ ಕೊಟ್ಟಿತೋ ತೊಟ್ಟಿ ಗಿಡಕ್ಕೆ ಕೊಟ್ಟಿತೋ ಹೇಳೋಕಾಗಲ್ಲ. ಆ ಕಡ್ಡಿಗಳನ್ನು ಹೊಸ ನಲ್ಲಿ ನೀರಲ್ಲಿ ಒಂದು ದಿನ ನೆನೆಸಿ, ಅದರಲ್ಲಿ ಹತ್ತು ಗ್ಯಾಮರಸ್ ಬಿಟ್ವಿ. ಪಕ್ಕದಲ್ಲಿ ಬರೀ ನಲ್ಲಿ ನೀರಲ್ಲಿ ಹತ್ತು. ಬರೀ ನೀರಿನವು ಹತ್ತೂ ಉಳಿದವು. ಗಿಡ ನೆನೆಸಿದ ನೀರಲ್ಲಿ ಎಂಟು ಬಿದ್ದವು.

ಗಿಡಕ್ಕೆ ಕೀಟನಾಶಕ ಎಲ್ಲಿಂದ ಬರುತ್ತೆ? ಅಕ್ವೇರಿಯಂ ಗಿಡಗಳಲ್ಲಿ ಬಹುಪಾಲನ್ನು ನರ್ಸರಿಗಳಲ್ಲಿ ನೀರಿನ ಹೊರಗೆ, ಸಾಮಾನ್ಯ ಗಿಡದ ಹಾಗೆ ಬೆಳೆಸ್ತಾರೆ. ಯುರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಬರುವ ಗಿಡಕ್ಕೆ ಕೀಟ-ರೋಗ ಇಲ್ಲ ಎಂಬ ಪ್ರಮಾಣಪತ್ರ ಬೇಕು. 2019ರ ಡಿಸೆಂಬರ್‌ನಿಂದ ಈ ನಿಯಮ ಇನ್ನೂ ಬಿಗಿಯಾಗಿದೆ. ಒಂದು ಬಿಳಿನೊಣ ಕಂಡ್ರೂ ಸರಕು ನಿಲ್ಲುತ್ತೆ. ಹಾಗಾಗಿ ಔಷಧ ಹೊಡೀತಾರೆ. ಗಿಡ ಒಳಗೆಳೆದುಕೊಂಡ ಔಷಧ ಮೇಲಿಂದ ತೊಳೆದರೆ ಹೋಗಲ್ಲ, ವಾರಗಟ್ಟಲೆ ಸೋರ್ತಾ ಇರುತ್ತೆ. ಮೀನು ಸಾಕುವವರಿಗೆ ಇದು ಗೊತ್ತೇ ಆಗಲ್ಲ. ಸೀಗಡಿ ಸಾಕುವವರಿಗೆ ಗೊತ್ತಾಗುತ್ತೆ.

ಗಿಡ ತೆಗೆದು, ಫಿಲ್ಟರಿಗೆ ಹೊಸ ಇಂಗಾಲ ಹಾಕಿ, ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲಿಸಿದ್ರು. ಇನ್ನೂ ನಾಲ್ಕು ಸತ್ತವು. ಒಂಬತ್ತನೇ ದಿನದಿಂದ ಸಾವು ನಿಂತಿತು. 40ರಲ್ಲಿ ಉಳಿದದ್ದು 19. ಹುಡುಗಿಯ ಪ್ರಶ್ನೆಗೆ ಅವಳ ನೋಟ್‌ಬುಕ್ಕೇ ಉತ್ತರ ಕೊಟ್ಟಿತು: ಊಟ ಕಾರಣ ಅಲ್ಲ. ಅವಳು ದಿನಾ ಬರೆಯದೇ ಇದ್ದಿದ್ರೆ ಉಳಿದ 19 ಕೂಡ ಉಳೀತಿರಲಿಲ್ಲ.

ನೀವು ಎಲ್ಲಿದ್ದೀರಿ ಅನ್ನೋದರ ಮೇಲೆ

ಮೂರು ಪ್ರಶ್ನೆ ಎಲ್ಲ ಕಡೆಗೂ ಒಂದೇ, ಅನುಮಾನದ ಪಟ್ಟಿ ಮಾತ್ರ ಊರಿಗೆ ತಕ್ಕಂತೆ ಬದಲಾಗುತ್ತೆ. ಬೆಸ್ಟ್‌ನ ನಲ್ಲಿಗೆ ಬರೋದು ಅಂತರ್ಜಲ, ಅದರಲ್ಲಿ ಕ್ಲೋರಿನ್ ಇಲ್ಲ. 2005ರಿಂದ ಈ ದೇಶದ ಕುಡಿಯುವ ನೀರಿನಲ್ಲಿ ದಿನನಿತ್ಯದ ಕ್ಲೋರಿನ್ ಬಳಕೆಯೇ ಇಲ್ಲ. ಹಾಗಾಗಿ ಇಲ್ಲಿ ಕ್ಲೋರಿನ್ ಪಟ್ಟಿಯ ಕೊನೆಗೆ ಹೋಗುತ್ತೆ.

ಬೆಂಗಳೂರು, ಮೈಸೂರಿನ ಕೇಳುಗರಿಗೆ ಅದು ಮೊದಲು. ಭಾರತದ ಮಾನಕದ ಪ್ರಕಾರ ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ನಿಮ್ಮ ಆರೋಗ್ಯಕ್ಕೆ ಅದು ಬೇಕು, ಸೀಗಡಿಯ ಕಿವಿರಿಗೆ ಬೇಡ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ, ಅಥವಾ ಥಯೋಸಲ್ಫೇಟ್ ಹಾಕಿ. ಬೋರ್‌ವೆಲ್ ನೀರಾದ್ರೆ ಗಡಸುತನ ಹೆಚ್ಚು, ಅಳೆದು ನೋಡಿ. ಮನೆಯ ಆರ್‌ಒ ಯಂತ್ರದ ನೀರನ್ನು ನೇರ ಹಾಕಬೇಡಿ. ಅದರಲ್ಲಿ ಖನಿಜ ಬಹಳ ಕಡಿಮೆ, ಹೊಸ ಕವಚ ಗಟ್ಟಿಯಾಗೋಕೆ ಸುಣ್ಣ ಸಿಗಲ್ಲ. ಮಂಗಳೂರು, ಕಾಸರಗೋಡಿನ ಮುರಕಲ್ಲಿನ ಬಾವಿಗಳ ನೀರು ಮೆದು, ಸ್ವಲ್ಪ ಆಮ್ಲೀಯ. ಅಲ್ಲೂ ಇದೇ ಎಚ್ಚರ. ಇನ್ನು ಸಂಜೆ ಸೊಳ್ಳೆ ಓಡಿಸುವ ಯಂತ್ರ ಹಚ್ಚುವ ಕೋಣೆಯಲ್ಲಿ ತೊಟ್ಟಿ ಇಡಲೇಬೇಡಿ. ತೊಟ್ಟಿಗೆ ಗಾಳಿ ಊದುವ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತೆ ಅನ್ನೋದನ್ನ ಮರೀಬೇಡಿ.

ಊರಿನಲ್ಲಿ ಗ್ಯಾಮರಸ್ ಎಲ್ಲಿ ಸಿಗುತ್ತೆ ಅಂತೀರಾ? ಸೊಳ್ಳೆಯ ಮರಿಗಳಿವೆಯಲ್ಲ. ಮುಚ್ಚಳಕ್ಕೆ ಬಲೆ ಬಟ್ಟೆ ಬಿಗಿದು ಕಟ್ಟಿ, ಜಾಡಿಗೆ ಐದೈದು ಮರಿ ಬಿಟ್ಟು ಎಣಿಸಿ. ಕೆಲವು ಊರಿನ ಸೊಳ್ಳೆಗಳು ಪೈರೆಥ್ರಾಯ್ಡ್‌ಗೆ ಒಗ್ಗಿಹೋಗಿರ್ತವೆ, ಆದ್ದರಿಂದ ಮರಿ ಸತ್ತರೆ ಅದು ಸುಳಿವು. ಬದುಕಿದ್ರೆ ಅದನ್ನೇ ಖಾತ್ರಿ ಅನ್ನಬೇಡಿ. ಬರೀ ನಲ್ಲಿ ನೀರಿನ ಜಾಡಿಯನ್ನು ಮಾತ್ರ ಯಾವತ್ತೂ ಬಿಡಬೇಡಿ. ಹೋಲಿಕೆ ಇಲ್ಲದ ಪ್ರಯೋಗ ಪ್ರಯೋಗವೇ ಅಲ್ಲ.

ಗಿಡ ತರುವಾಗ, ಲೋಟದೊಳಗೆ ಜೆಲ್ಲಿಯಲ್ಲಿ ಬೆಳೆಸಿದ ಅಂಗಾಂಶ ಕೃಷಿಯ ಗಿಡ ಸಿಕ್ಕಿದ್ರೆ ಅದೇ ಒಳ್ಳೇದು. ಮುಚ್ಚಿದ ಲೋಟದಲ್ಲಿ ಕೀಟ ಬರಲ್ಲ, ಔಷಧವೂ ಬೇಕಾಗಲ್ಲ. ಇಲ್ಲದಿದ್ರೆ ಬೇರೆ ಬಕೆಟ್ಟಿನಲ್ಲಿ ಮೂರು ನಾಲ್ಕು ವಾರ ನೆನೆಸಿ, ವಾರಕ್ಕೆರಡು ಸಲ ನೀರು ಬದಲಿಸಿ, ಒಂದು ಜಾಡಿ ಪರೀಕ್ಷೆ ಮಾಡಿ ಆಮೇಲೆ ತೊಟ್ಟಿಗೆ ಹಾಕಿ.

ಇನ್ನೊಂದು ಮಾತು. ತೊಟ್ಟಿ ಬೇಸರವಾಯ್ತು ಅಂತ ಸೀಗಡಿಗಳನ್ನು ಕಾಲುವೆಗೋ ಕೆರೆಗೋ ಬಿಡಬೇಡಿ. ಇಲ್ಲಿಂದ ಗಡಿ ದಾಟಿದ್ರೆ ಜರ್ಮನಿಯ ಗಿಲ್‌ಬಾಖ್ ಎಂಬ ತೊರೆ ಇದೆ. ವಿದ್ಯುತ್ ಸ್ಥಾವರದ ಬಿಸಿ ನೀರು ಸೇರಿ ಬೆಚ್ಚಗಿರುವ ಆ ತೊರೆಯಲ್ಲಿ ಇದೇ ಚೆರ್ರಿ ಸೀಗಡಿ ನೆಲೆಯೂರಿರೋದು ದಾಖಲಾಗಿದೆ. ಯಾರದೋ ಮನೆಯ ತೊಟ್ಟಿಯಿಂದ ಹೋದದ್ದು. ಔಷಧ ಬೆರೆತ ನೀರನ್ನೂ ಚರಂಡಿಯ ಮೂಲಕ ಹೊಳೆಗೆ ಕಳಿಸೋ ಮುಂಚೆ ಇಂಗಾಲದಲ್ಲಿ ಸೋಸಿ. ನಮ್ಮ ತೊಟ್ಟಿಯಲ್ಲಿ 54 ಲೀಟರಿಗೆ ಆದದ್ದು ಹೊರಗಿನ ಕಾಲುವೆಗೂ ಆಗ್ತಾನೇ ಇರುತ್ತೆ, ಅಲ್ಲಿ ಎಣಿಸೋಕೆ ಯಾರೂ ಇರಲ್ಲ, ಅಷ್ಟೇ.

ಹಾಗಾದ್ರೆ ಇವತ್ತಿನ ಪಾಠ ಇಷ್ಟು. ಯಾರು, ಹೇಗೆ, ಯಾವಾಗಿಂದ ಅಂತ ಕೇಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹೋಲಿಕೆಗೆ ಒಂದು ಜಾಡಿ ಇಡಿ. ದಿನಾ ಬರೆದಿಡಿ. ನಿಮ್ಮ ತೊಟ್ಟಿಯಲ್ಲಿ ಇಂಥ ಒಗಟು ಇದ್ರೆ ತಾರೀಕು ಸಮೇತ ನಮಗೆ ಬರೆದು ಕಳಿಸಿ, ಮುಂದಿನ ಕಂತುಗಳಲ್ಲಿ ಒಟ್ಟಿಗೆ ಬಿಡಿಸೋಣ.